ಕರೆಂಟ್ ವೈರಿನಲ್ಲೇ ಇಂಟರ್ನೆಟ್: ಒಂದೇ ಲೈನನ್ನು ಮೂರ್ನಾಲ್ಕು ಕಡೆಗೆ ಹಂಚುವುದು ಹೇಗೆ

ಬೇಸಿಗೆ ಶುರುವಾದಾಗಿನಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ರಾಯಚೂರಿನಿಂದ ಒಬ್ಬರು, ಗಂಗಾವತಿಯಿಂದ ಇಬ್ಬರು, ನಮ್ಮ ಬಳ್ಳಾರಿಯ ಕೌಲ್ ಬಜಾರ್ ಕಡೆಯಿಂದಲೇ ಮೂರ್ನಾಲ್ಕು ಜನ. ಎಲ್ಲರ ಕಥೆಯೂ ಒಂದೇ. ಫೈಬರ್ ಮುಂದಿನ ಕೋಣೆಗೆ ಬಂದಿದೆ, ಕಲ್ಲಿನ ಗೋಡೆ ದಾಟಿ ಹಿಂದಕ್ಕೆ ವೈಫೈ ಹೋಗುವುದಿಲ್ಲ, ಅದಕ್ಕೆ ಪವರ್‌ಲೈನ್ ಅಡಾಪ್ಟರ್, ಅಂದರೆ ಸಾಕೆಟ್ಟಿಗೆ ಹಾಕಿದರೆ ಕರೆಂಟ್ ವೈರಿನಲ್ಲೇ ಇಂಟರ್ನೆಟ್ ಸಾಗಿಸುವ ಡಬ್ಬಿ, ತರಿಸಿದರು. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಅಣ್ಣನ ಮನೆಗೆ ಒಂದು, ಮಾಳಿಗೆ ಮೇಲಿನ ಕೋಣೆಗೆ ಒಂದು ಸೇರಿಸಿದರು. ಈಗ ಯಾರಿಗೂ ಸರಿಯಾಗಿ ಬರುತ್ತಿಲ್ಲ. ಡಬ್ಬಿ ಕೆಟ್ಟಿದೆಯಾ ಅಂತ ಕೇಳುತ್ತಾರೆ.

ಸಾಮಾನ್ಯವಾಗಿ ಡಬ್ಬಿ ಕೆಟ್ಟಿರುವುದಿಲ್ಲ. ವೈರು ಒಂದೇ, ಮಾತಾಡುವ ಡಬ್ಬಿಗಳು ಜಾಸ್ತಿ, ಮೇಲೆ ಮನೆ ತುಂಬ ಗದ್ದಲ, ಅಂದರೆ ಬೇರೆ ಕರೆಂಟ್ ಸಾಮಾನುಗಳು ವೈರಿಗೆ ಬಿಡುವ ಬೇಡದ ಅಲೆಗಳು. ಈ ಮೂರನ್ನೂ ಒಂದೊಂದಾಗಿ ಸರಿ ಮಾಡಿಕೊಂಡರೆ ಇರುವ ಸಾಮಾನಿನಲ್ಲೇ ಮೂರ್ನಾಲ್ಕು ಜನ ಆರಾಮಾಗಿ ಬಳಸಬಹುದು. ಆದರೆ ಕ್ರಮ ಮುಖ್ಯ. ಮೊದಲು ಲೈನು ನೋಡಬೇಕು, ಆಮೇಲೆ ಗದ್ದಲ, ಕೊನೆಗೆ ಹಂಚಿಕೆ. ಬಹಳ ಜನ ಕೊನೆಯದರಿಂದ ಶುರು ಮಾಡಿ ದಿನವೆಲ್ಲ ರೂಟರ್ ಸೆಟ್ಟಿಂಗ್‌ನಲ್ಲೇ ಕಳೆಯುತ್ತಾರೆ.

ಶುರು ಮಾಡುವ ಮುಂಚೆ ಒಂದು ಮಾತು. ನಿಮ್ಮ ಮನೆಯಲ್ಲಿ ಪೈಪ್ ಮೂಲಕ ನೆಟ್‌ವರ್ಕ್ ಕೇಬಲ್ ಎಳೆಯಲು ದಾರಿ ಇದ್ದರೆ ಅದನ್ನೇ ಎಳೆಯಿರಿ. 100 ಮೀಟರ್‌ವರೆಗೆ ಅದರಷ್ಟು ನಂಬಿಕಸ್ಥ ವಸ್ತು ಇನ್ನೊಂದಿಲ್ಲ. ಗೋಡೆ ಕೊರೆಯಲು ಆಗುವುದಿಲ್ಲ, ಬಾಡಿಗೆ ಮನೆ, ಒಂದೂವರೆ ಅಡಿ ದಪ್ಪದ ಹಳೇ ಕಲ್ಲಿನ ಗೋಡೆ ಅನ್ನುವವರಿಗೆ ಮಾತ್ರ ಈ ಲೇಖನ.

ಮೊದಲು, ಇದು ಕೆಲಸ ಮಾಡುವ ರೀತಿ

ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ. ಅಡಾಪ್ಟರ್ ಅದೇ ವೈರಿನ ಮೇಲೆ ಬಹಳ ವೇಗದ, ಬಹಳ ಸಣ್ಣ ಇನ್ನೊಂದು ಅಲೆಯನ್ನು ಕೂರಿಸುತ್ತದೆ. 2005ರಲ್ಲಿ ಬಂದ ಹೋಮ್‌ಪ್ಲಗ್ ಎವಿ ಅನ್ನುವ ಪದ್ಧತಿ ಸುಮಾರು 2ರಿಂದ 30 ಮೆಗಾಹರ್ಟ್ಸ್ ಒಳಗೆ ಕೆಲಸ ಮಾಡುತ್ತದೆ. 2012ರ ಎವಿ2 ಇನ್ನೂ ಮೇಲಕ್ಕೆ, 86 ಮೆಗಾಹರ್ಟ್ಸ್‌ವರೆಗೆ ಹೋಗುತ್ತದೆ. ಇಷ್ಟು ಅಗಲದ ಜಾಗವನ್ನು ನೂರಾರು ಸಣ್ಣ ಸಣ್ಣ ದಾರಿಗಳಾಗಿ ಸೀಳಿ, ಯಾವ ದಾರಿ ಶುದ್ಧವಾಗಿದೆಯೋ ಅದರಲ್ಲಿ ಜಾಸ್ತಿ ಮಾಹಿತಿ, ಯಾವುದರಲ್ಲಿ ಗದ್ದಲವಿದೆಯೋ ಅದರಲ್ಲಿ ಕಡಿಮೆ, ಪೂರ್ತಿ ಹಾಳಾಗಿದ್ದರೆ ಏನೂ ಇಲ್ಲ, ಹೀಗೆ ಲೆಕ್ಕ ಹಾಕಿ ಕಳಿಸುತ್ತದೆ. ಈ ಲೆಕ್ಕದ ಪಟ್ಟಿಗೆ ಟೋನ್ ಮ್ಯಾಪ್ ಅಂತ ಹೆಸರು. ಪ್ರತಿ ಎರಡು ಅಡಾಪ್ಟರ್ ನಡುವೆ ಬೇರೆ ಬೇರೆ ಪಟ್ಟಿ ಇರುತ್ತದೆ. ಅದಕ್ಕೇ ಒಂದೇ ಮನೆಯಲ್ಲಿ ಅಡುಗೆಮನೆ ಸಾಕೆಟ್‌ನಲ್ಲಿ ಸೆಕೆಂಡಿಗೆ 80 ಮೆಗಾಬಿಟ್ ವೇಗ ಬಂದು ಪಕ್ಕದ ಕೋಣೆಯಲ್ಲಿ 12 ಬರುವುದು.

ಇಲ್ಲಿ ಎಲ್ಲರೂ ಮರೆಯುವ ಸಂಗತಿ ಒಂದಿದೆ. ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತಾಡಬೇಕು. ನಾಲ್ಕು ಅಡಾಪ್ಟರ್ ಇದ್ದರೆ ನಾಲ್ಕು ಲೈನು ಸಿಕ್ಕಿತು ಅಂತ ಅಲ್ಲ. ಅವುಗಳಲ್ಲಿ ಒಂದು ಯಜಮಾನನ ಹಾಗೆ ನಿಂತು ಕರೆಂಟಿನ ತೂಗಾಟಕ್ಕೆ ತಾಳ ಹಾಕಿಕೊಂಡು, ನಮ್ಮ 50 ಹರ್ಟ್ಸ್ ಲೈನಿನಲ್ಲಿ ಪ್ರತಿ 40 ಮಿಲಿಸೆಕೆಂಡಿಗೊಮ್ಮೆ, ಸಮಯದ ಹಂಚಿಕೆಯನ್ನು ಕೂಗಿ ಹೇಳುತ್ತದೆ. ಮಿಕ್ಕವು ಅದನ್ನು ಕೇಳಿಸಿಕೊಂಡು, ಲೈನು ಖಾಲಿ ಇದೆಯಾ ಅಂತ ನೋಡಿಕೊಂಡು, ತಮ್ಮ ಸರದಿಗೆ ಮಾತಾಡುತ್ತವೆ. ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಎರಡೂ ಹಾಳು, ಮತ್ತೆ ಕಳಿಸಬೇಕು.

ಬೀದಿ ನಲ್ಲಿ ಮುಂದೆ ಕೊಡ ಇಟ್ಟು ಪಾಳಿ ನಿಲ್ಲುವುದು ನಮ್ಮ ಊರುಗಳಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಇದೂ ಹಾಗೇ. ಅಗಲ ಬಾಯಿಯ ಕೊಡ ಬೇಗ ತುಂಬುತ್ತದೆ, ಸಣ್ಣ ಬಾಯಿಯದು ತುಂಬುವಷ್ಟು ಹೊತ್ತು ಹಿಂದಿನವರೆಲ್ಲ ಕಾಯಬೇಕು. ಲೆಕ್ಕ ನೋಡಿ. ಹಾಲ್‌ನ ಅಡಾಪ್ಟರ್‌ಗೆ 100 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 100 ಮೆಗಾಬಿಟ್, ಸಿಗುತ್ತದೆ ಅಂದುಕೊಳ್ಳಿ. ಹಿಂದಿನ ಕೋಣೆಯದಕ್ಕೆ ಬರೀ 10. ಇಬ್ಬರೂ 100 ಮೆಗಾಬಿಟ್ ಇಳಿಸಿಕೊಳ್ಳಬೇಕು. ಹಾಲ್‌ನವರಿಗೆ 1 ಸೆಕೆಂಡು ಸಾಕು, ಹಿಂದಿನವರಿಗೆ 10 ಬೇಕು. ಒಟ್ಟು 200 ಮೆಗಾಬಿಟ್ ಹೋಗಲು 11 ಸೆಕೆಂಡು ಹಿಡಿಯಿತು. ಸರಾಸರಿ ಸೆಕೆಂಡಿಗೆ 18 ಚಿಲ್ಲರೆ, ತಲಾ 9. ಒಂದು ದುರ್ಬಲ ಸಾಕೆಟ್ಟು 100 ಬರುತ್ತಿದ್ದವರನ್ನೂ 9ಕ್ಕೆ ಎಳೆದು ಕೂರಿಸಿತು ಅಲ್ವಾ? ಮೂರನೇ ಡಬ್ಬಿ ಹಾಕಿದ ಮೇಲೆ ಎಲ್ಲರಿಗೂ ಹಾಳಾಯಿತು ಅನ್ನುವವರ ಮನೆಯಲ್ಲಿ ನಡೆಯುತ್ತಿರುವುದು ಇದೇ. ಇಂಟರ್ನೆಟ್ ಕಂಪನಿಯ ಪ್ಲಾನ್ ದೊಡ್ಡದು ಮಾಡಿಸಿದರೆ ಇದು ಸರಿಹೋಗುವುದಿಲ್ಲ.

ಏನೇನು ಬೇಕು

ಒಂದೇ ಪದ್ಧತಿಯ ಅಡಾಪ್ಟರ್‌ಗಳು, ರೂಟರ್ ಹತ್ತಿರ ಒಂದು, ಮಿಕ್ಕ ಕಡೆಗೆ ಒಂದೊಂದು. ಎವಿ ಮತ್ತು ಎವಿ2 ಪರಸ್ಪರ ಮಾತಾಡುತ್ತವೆ. ಜಿ ಡಾಟ್ ಎಚ್‌ಎನ್ ಅನ್ನುವ ಇನ್ನೊಂದು ಪದ್ಧತಿ ಇದೆ, ಅದು ಇವುಗಳ ಜೊತೆ ಮಾತಾಡುವುದಿಲ್ಲ. ಅಷ್ಟೇ ಅಲ್ಲ, ಒಂದೇ ವೈರಿನಲ್ಲಿ ಎರಡೂ ಇದ್ದರೆ ಒಂದಕ್ಕೆ ಇನ್ನೊಂದು ಗದ್ದಲವಾಗುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಕಲಸಬೇಡಿ.

ಪೆಟ್ಟಿಗೆ ಮೇಲಿನ 600, 1000, 2000 ಅನ್ನುವ ಅಂಕಿ ನೋಡಿ ಮೋಸಹೋಗಬೇಡಿ. ಅದು ಪ್ರಯೋಗಾಲಯದ ಶುದ್ಧ ವೈರಿನಲ್ಲಿ, ಹೋಗುವುದು ಬರುವುದು ಎರಡನ್ನೂ ಕೂಡಿಸಿ ಹೇಳಿದ ಅಂಕಿ. ನಿಮ್ಮ ಕೈಗೆ ಅದರ ಮೂರನೇ ಒಂದು ಭಾಗವೂ ಸಿಗದೆ ಇರಬಹುದು. 600 ಅಂತ ಬರೆದ ಅನೇಕ ಡಬ್ಬಿಗಳಲ್ಲಿ ಕೇಬಲ್ ಹಾಕುವ ಪೋರ್ಟೇ 100 ಎಂಬಿಪಿಎಸ್‌ನದು, ಹಾಗಾಗಿ ಅದಕ್ಕಿಂತ ಜಾಸ್ತಿ ಬರುವ ಮಾತೇ ಇಲ್ಲ. ಪೋರ್ಟ್ ಗಿಗಾಬಿಟ್ ಇದೆಯಾ ಅಂತ ಕೇಳಿ ತಗೊಳ್ಳಿ.

ಪ್ಲಗ್ ನೋಡಿ. ಆನ್‌ಲೈನ್‌ನಲ್ಲಿ ತರಿಸುವಾಗ ಹೊರದೇಶದ ಚಪ್ಪಟೆ ಪಿನ್ನಿನದು ಬರುವುದುಂಟು. ಅದಕ್ಕೆ ಸಡಿಲ ಕನ್ವರ್ಟರ್ ಹಾಕಿದರೆ ಅರ್ಧ ಸಿಗ್ನಲ್ ಅಲ್ಲೇ ಹೋಗುತ್ತದೆ, ಬಿಸಿಯೂ ಆಗುತ್ತದೆ. ನಮ್ಮ ಗುಂಡು ಪಿನ್ನಿನದೇ ಹುಡುಕಿ. ಮೈಮೇಲೆ ಇನ್ನೊಂದು ಸಾಕೆಟ್ ಇರುವ ಮಾದರಿ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಇದರ ಜೊತೆಗೆ ಒಂದು ಲ್ಯಾಪ್‌ಟಾಪ್, ಒಂದು ನೆಟ್‌ವರ್ಕ್ ಕೇಬಲ್, ಒಂದು ನೋಟ್‌ಬುಕ್ಕು, ಸೆಲ್‌ನಲ್ಲಿ ಓಡುವ ಹಳೇ ರೇಡಿಯೋ. ಹೌದು, ರೇಡಿಯೋ. ಮತ್ತೆ ಗುರುತಿನ ವೈರ್‌ಮನ್ ಒಬ್ಬರು. ಮೈನ್ ಬೋರ್ಡ್ ಮುಚ್ಚಳ ತೆಗೆಯುವ ಕೆಲಸ ಏನಿದ್ದರೂ ಅವರದು, ನಿಮ್ಮದಲ್ಲ.

ಹಂತ 1: ಯಾವ ಸಾಕೆಟ್ ಯಾವ ಫೇಸ್‌ನಲ್ಲಿದೆ ಅಂತ ಬರೆದುಕೊಳ್ಳಿ

ಫೇಸ್ ಅಂದರೆ ಮನೆಗೆ ಕರೆಂಟ್ ತರುವ ವೈರು, ಕೆಲವು ಮನೆಗೆ ಒಂದು ಬರುತ್ತದೆ, ಕೆಲವಕ್ಕೆ ಮೂರು. ಸಿಂಗಲ್ ಫೇಸ್ ಮನೆಯವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ತ್ರೀ ಫೇಸ್ ಮನೆಯಲ್ಲಿ ಮಾತ್ರ ಅರ್ಧ ತೊಂದರೆ ಇಲ್ಲೇ ಇರುತ್ತದೆ. ಒಂದು ಫೇಸ್ ಮೇಲೆ ಕೂತ ಸಿಗ್ನಲ್ಲು ಇನ್ನೊಂದು ಫೇಸ್‌ಗೆ ನೇರವಾಗಿ ಹೋಗುವುದಿಲ್ಲ. ವೈರುಗಳು ಒಂದೇ ಪೈಪಿನಲ್ಲಿ ಅಂಟಿಕೊಂಡು ಹೋಗುವಾಗ ಒಂದಿಷ್ಟು ಸೋರಿ ದಾಟುತ್ತದೆ, ಅಷ್ಟೇ. ಕೆಲವು ಮನೆಯಲ್ಲಿ ಆ ಸೋರಿಕೆಯಲ್ಲೇ ಕೆಲಸ ನಡೆಯುತ್ತದೆ, ಕೆಲವು ಕಡೆ ಅಡಾಪ್ಟರ್‌ನ ಲೈಟೇ ಹತ್ತುವುದಿಲ್ಲ.

ವೈರ್‌ಮನ್ ಕರೆದು ಮೈನ್ ಬೋರ್ಡಿನ ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿ, ಅದು ಯಾವ ಫೇಸ್‌ನದು, ಯಾವ ಕೋಣೆ ಆರಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಅರ್ಧ ಗಂಟೆ ಕೆಲಸ. ಆದಷ್ಟೂ ರೂಟರ್ ಇರುವ ಸಾಕೆಟ್‌ನ ಫೇಸ್‌ನಲ್ಲೇ ಮಿಕ್ಕ ಅಡಾಪ್ಟರ್‌ಗಳಿಗೂ ಜಾಗ ಹುಡುಕಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಒಂದು ಫೇಸ್ ಹೋದರೆ ಇನ್ನೊಂದಕ್ಕೆ ತಿರುಗಿಸಲು ಬಹಳ ಮನೆಗಳಲ್ಲಿ ಫೇಸ್ ಸೆಲೆಕ್ಟರ್ ಸ್ವಿಚ್ ಹಾಕಿಸಿರುತ್ತಾರೆ. ಮಧ್ಯಾಹ್ನ ಒಂದು ಫೇಸ್ ಹೋಯಿತು, ಯಾರೋ ಬಂದು ಹಾಲ್‌ನ ಗುಬುಟ ತಿರುಗಿಸಿದರು, ಸಂಜೆ ಫೇಸ್ ವಾಪಸ್ ಬಂತು, ಗುಬುಟ ಮಾತ್ರ ಅಲ್ಲೇ ಉಳಿಯಿತು. ಅಡಾಪ್ಟರ್‌ನ ಲೈಟು ಕೆಂಪಾಗಿದೆ ಅಂತ ರಾತ್ರಿಯೆಲ್ಲ ಒದ್ದಾಡುತ್ತೀರಿ. ನೆಟ್ ಇದ್ದಕ್ಕಿದ್ದ ಹಾಗೆ ಹೋದರೆ ಮೊದಲು ಆ ಸ್ವಿಚ್ ನೋಡಿ.

ಒಂದೇ ಫೇಸ್‌ನಲ್ಲಿ ಜಾಗ ಸಿಗಲೇ ಇಲ್ಲ ಅಂದರೆ ಫೇಸ್ ಕಪ್ಲರ್ ಅನ್ನುವ ವಸ್ತು ಇದೆ, ಫೇಸ್‌ಗಳ ನಡುವೆ ವೇಗದ ಅಲೆಯನ್ನು ಮಾತ್ರ ದಾಟಿಸುವ ಸೇತುವೆ ಅದು. ಇದನ್ನು ಮೈನ್ ಬೋರ್ಡಿನಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಹಾಕಬೇಕು. ವಿಡಿಯೋ ನೋಡಿ ಬಿಡಿ ಕೆಪಾಸಿಟರ್ ತಂದು ಎರಡು ಫೇಸ್ ನಡುವೆ ಸೇರಿಸುವ ಕೆಲಸಕ್ಕೆ ಕೈ ಹಾಕಬೇಡಿ. ಎರಡು ಫೇಸ್ ನಡುವೆ 400 ವೋಲ್ಟ್ ಇರುತ್ತದೆ. ಜೀವಕ್ಕೆ ಅಪಾಯ.

ಹಂತ 2: ಪಕ್ಕ ಪಕ್ಕ ಇಟ್ಟು ಜೋಡಿ ಮಾಡಿ

ಎಲ್ಲ ಅಡಾಪ್ಟರ್‌ಗಳನ್ನೂ ಮೊದಲು ಒಂದೇ ಕೋಣೆಯಲ್ಲಿ, ಹತ್ತಿರದ ಗೋಡೆ ಸಾಕೆಟ್‌ಗಳಿಗೆ ಹಾಕಿ. ಮೊದಲನೆಯದರ ಪೇರ್ ಗುಂಡಿ ಒಂದು ಕ್ಷಣ ಒತ್ತಿ, ಎರಡು ನಿಮಿಷದೊಳಗೆ ಎರಡನೆಯದರ ಗುಂಡಿ ಒತ್ತಿ. ಲೈಟು ಮಿನುಗಿ ಆಮೇಲೆ ನಿಂತರೆ ಆಯಿತು. ಮೂರನೆಯದನ್ನು ಸೇರಿಸಲು ಈಗಾಗಲೇ ಸೇರಿರುವ ಯಾವುದಾದರೂ ಒಂದರ ಗುಂಡಿ ಒತ್ತಿ, ಆಮೇಲೆ ಹೊಸದರದು. ಗುಂಡಿಯನ್ನು ತುಂಬ ಹೊತ್ತು ಒತ್ತಿ ಹಿಡಿದರೆ ಕೆಲವು ಮಾದರಿಗಳಲ್ಲಿ ಹಳೆಯ ಜೋಡಿ ಅಳಿಸಿಹೋಗುತ್ತದೆ, ಕೈಪಿಡಿ ನೋಡಿಕೊಂಡು ಒತ್ತಿ.

ಪೆಟ್ಟಿಗೆಯಿಂದ ತೆಗೆದು ಹಾಕಿದ ಕೂಡಲೇ ಓಡುತ್ತದೆ, ಗುಂಡಿ ಯಾಕೆ ಒತ್ತಬೇಕು ಅಂತ ಕೆಲವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕಾರ್ಖಾನೆಯಿಂದ ಬರುವಾಗ ಇವುಗಳಿಗೆಲ್ಲ ಒಂದೇ ಪಾಸ್‌ವರ್ಡ್ ಇರುತ್ತದೆ, ಅದು ಜಗತ್ತಿಗೇ ಗೊತ್ತು. ಸಿಗ್ನಲ್ಲು ಮೀಟರ್ ದಾಟಿ ಪಕ್ಕದ ಮನೆಗೆ ಹೋಗಬಲ್ಲದು. ಅವರೂ ಅದೇ ತರಹದ ಡಬ್ಬಿ ತಂದು ಹಾಕಿದರೆ ನಿಮ್ಮ ನೆಟ್‌ವರ್ಕಿನ ಒಳಗೇ ಬಂದು ಕೂರುತ್ತಾರೆ. ಪೇರ್ ಮಾಡಿದಾಗ ಹೊಸ ಗುಟ್ಟಿನ ಕೀಲಿ ಹುಟ್ಟುತ್ತದೆ, 128 ಬಿಟ್‌ನ ಎಇಎಸ್ ಬೀಗ. ಆಮೇಲೆ ಹೊರಗಿನವರಿಗೆ ಓದಲು ಆಗುವುದಿಲ್ಲ.

ಬೀಗ ಹಾಕಿದರೂ ಪಕ್ಕದ ಮನೆಯ ಡಬ್ಬಿ ನಿಮ್ಮ ವೈರಿನ ಸಮಯ ತಿನ್ನುವುದು ತಪ್ಪುವುದಿಲ್ಲ ಅನ್ನುವುದೂ ಗೊತ್ತಿರಲಿ. ಎರಡು ನೆಟ್‌ವರ್ಕ್‌ಗಳು ಒಂದನ್ನೊಂದು ಕೇಳಿಸಿಕೊಂಡರೆ ಅವೂ ಸರದಿ ಹಂಚಿಕೊಳ್ಳುತ್ತವೆ. ಅಕ್ಕಪಕ್ಕದವರು ಬಳಸುತ್ತಿದ್ದರೆ ಮಾತಾಡಿಕೊಂಡು ಬೇರೆ ಬೇರೆ ಫೇಸ್‌ಗೆ ಹೋಗುವುದು ಒಳ್ಳೆಯದು.

ಹಂತ 3: ಗೋಡೆಗೇ ಹಾಕಿ

ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಬೇಡಿ. ಸ್ಪೈಕ್ ಗಾರ್ಡ್‌ಗಂತೂ ಬೇಡವೇ ಬೇಡ, ವೇಗದ ಅಲೆಗಳನ್ನು ತಡೆಯುವುದೇ ಅದರ ಕೆಲಸ, ನಿಮ್ಮ ಇಂಟರ್ನೆಟ್ಟೂ ಅದರ ಕಣ್ಣಿಗೆ ವೇಗದ ಅಲೆಯೇ. ಕಂಪ್ಯೂಟರಿನ ಯುಪಿಎಸ್ ಮತ್ತು ಸ್ಟೆಬಿಲೈಸರ್ ಹಿಂದೆಯೂ ಬೇಡ.

ಹಾಗಾದರೆ ಟಿವಿ, ಚಾರ್ಜರ್ ಎಲ್ಲಿ ಹಾಕುವುದು? ಮೈಮೇಲೆ ಸಾಕೆಟ್ ಇರುವ ಅಡಾಪ್ಟರ್ ಕೊಳ್ಳಿ ಅಂದಿದ್ದು ಇದಕ್ಕೇ. ಆ ಸಾಕೆಟ್ಟಿನ ಒಳಗೆ ಗದ್ದಲ ಸೋಸುವ ಫಿಲ್ಟರ್ ಇರುತ್ತದೆ. ಅಡಾಪ್ಟರ್ ಗೋಡೆಗೆ, ಎಕ್ಸ್‌ಟೆನ್ಷನ್ ಬೋರ್ಡ್ ಅಡಾಪ್ಟರ್‌ನ ಮೈಗೆ. ಈಗ ಬೋರ್ಡಿನಲ್ಲಿರುವ ಚಾರ್ಜರ್‌ಗಳ ಗದ್ದಲ ಲೈನಿಗೆ ಬರುವುದು ಕಡಿಮೆಯಾಗುತ್ತದೆ. ದೊಡ್ಡ ಸಬ್‌ಸ್ಟೇಷನ್ ಪಕ್ಕ ಹೋಗುವಾಗ ಹೈ ಟೆನ್ಷನ್ ಲೈನಿಗೆ ಡ್ರಮ್ಮಿನ ಆಕಾರದ ಸುರುಳಿ ನೇತುಹಾಕಿರುವುದನ್ನು ನೋಡಿರುತ್ತೀರಿ. ಅದಕ್ಕೆ ವೇವ್ ಟ್ರ್ಯಾಪ್ ಅನ್ನುತ್ತಾರೆ. ವಿದ್ಯುತ್ ಇಲಾಖೆಯವರೂ ಬಹಳ ಕಾಲದಿಂದ ಅದೇ ತಂತಿಯಲ್ಲಿ ಮಾತು, ಸಂದೇಶ ಕಳಿಸುತ್ತಿದ್ದಾರೆ, ಆ ಸುರುಳಿ ಕರೆಂಟನ್ನು ಬಿಟ್ಟು ಸಂದೇಶದ ಅಲೆಯನ್ನು ಬೇಡದ ಕಡೆ ಹೋಗದಂತೆ ತಡೆಯುತ್ತದೆ. ನಿಮ್ಮ ಅಡಾಪ್ಟರ್ ಒಳಗಿನ ಫಿಲ್ಟರ್ ಅದರ ಮರಿ ಅಂದುಕೊಳ್ಳಿ.

ಈ ಸಾಕೆಟ್‌ಗೆ ಎಷ್ಟು ಆಂಪಿಯರ್ ಅಂತ ಅದರ ಮೇಲೆ ಬರೆದಿರುತ್ತದೆ. ಗೀಸರ್, ಇಸ್ತ್ರಿ ಪೆಟ್ಟಿಗೆ ಹಾಕಬೇಡಿ.

ಬಿಸಿಲಿನ ಗೋಡೆ ಬೇಡ. ಅನೇಕ ಅಡಾಪ್ಟರ್‌ಗಳು 40 ಡಿಗ್ರಿವರೆಗಿನ ಜಾಗಕ್ಕೆ ಮಾಡಿದವು. ಏಪ್ರಿಲ್, ಮೇನಲ್ಲಿ ನಮ್ಮ ಹೊರಗಿನ ಗಾಳಿಯೇ ಅದನ್ನು ದಾಟುತ್ತದೆ. ಪಡುವಣ ಗೋಡೆಯ ಸಾಕೆಟ್‌ನಲ್ಲಿ, ಮೇಲೆ ಪರದೆ ಮುಚ್ಚಿಕೊಂಡ ಡಬ್ಬಿ ಮಧ್ಯಾಹ್ನ 3ಕ್ಕೆ ತೊದಲಲು ಶುರು ಮಾಡಿದರೆ ಆಶ್ಚರ್ಯವಿಲ್ಲ.

ಹಂತ 4: ಗದ್ದಲ ಹುಡುಕಿ

ಇದಕ್ಕೆ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ. ಇಡೀ ಕೆಲಸದಲ್ಲಿ ಜಾಸ್ತಿ ಫಲ ಕೊಡುವ ಹಂತ ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಗದ್ದಲದಲ್ಲಿ ಬೇರೆ ಬೇರೆ ಜಾತಿ ಇದೆ. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಮತ್ತು ಡಿಮ್ಮರ್‌ಗಳು ಕರೆಂಟಿನ ಪ್ರತಿ ತೂಗನ್ನೂ ಕತ್ತರಿಸಿ ಕತ್ತರಿಸಿ ಬಿಡುತ್ತವೆ, ಹಾಗಾಗಿ ಸೆಕೆಂಡಿಗೆ 100 ಸಲ ಪಟ್ ಪಟ್ ಅಂತ ಹೊಡೆತ ಬೀಳುತ್ತದೆ. ಇದು ತಾಳ ತಪ್ಪದ ಗದ್ದಲ, ಒಳ್ಳೆಯ ಅಡಾಪ್ಟರ್ ಇದನ್ನು ಗುರುತಿಸಿ ಆ ಹೊಡೆತದ ಹೊತ್ತಿಗೆ ನಿಧಾನ, ಮಿಕ್ಕ ಹೊತ್ತಿಗೆ ಜೋರು, ಹೀಗೆ ಹೊಂದಿಕೊಳ್ಳುತ್ತದೆ. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸ್‌ನ ಅಡಾಪ್ಟರ್, ಇವೆಲ್ಲ ಒಳಗೆ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಸಾಮಾನುಗಳು, ಫಿಲ್ಟರ್ ಉಳಿಸಿ ಮಾಡಿದ್ದರೆ ಗದ್ದಲವೆಲ್ಲ ಲೈನಿಗೇ. ಮಿಕ್ಸಿಯದು ಕಾರ್ಬನ್ ಬ್ರಷ್ಷಿನ ಕಿಡಿ. ಬೋರ್ ಮೋಟರ್ ಸ್ಟಾರ್ಟರ್ ಬಿದ್ದಾಗ, ಟ್ಯೂಬ್‌ಲೈಟ್ ಹತ್ತಿದಾಗ ಬರುವುದು ಒಂದೇ ಏಟು, ಯಾವಾಗ ಅಂತ ಹೇಳಲಾಗದು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಹಾಳಾದ ತುಂಡನ್ನು ಅಡಾಪ್ಟರ್ ಮತ್ತೆ ಕಳಿಸುತ್ತದೆ. ಬಿಡದೆ ಗೊಣಗುವ ಸಾಮಾನೇ ನಿಮ್ಮ ಶತ್ರು.

ಕೆಳಗೆ ಜೀನ್ಸ್ ಹೊಲಿಗೆ ಯೂನಿಟ್ಟು, ಮೇಲೆ ಮನೆ ಇರುವವರಿಗೆ ಇನ್ನೊಂದು ಹೊರೆ. ಸರ್ವೋ ಮೋಟರ್‌ನ ಹೊಲಿಗೆ ಯಂತ್ರಗಳು, ಅಕ್ಕಿ ಗಿರಣಿಯವರ ವೇಗ ಬದಲಿಸುವ ಡ್ರೈವ್‌ಗಳು ಭಾರೀ ಗದ್ದಲದವು. ಅಲ್ಲಿ ಯೂನಿಟ್ಟಿನ ಫೇಸ್ ಬೇರೆ, ನೆಟ್ಟಿನ ಫೇಸ್ ಬೇರೆ ಇರಲೇಬೇಕು.

ಈಗ ಅಳತೆ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ದೂರದ ಅಡಾಪ್ಟರ್‌ಗೆ ಹಾಕಿ, ವೈಫೈ ಆಫ್ ಮಾಡಿ. ರೂಟರ್‌ನ ವಿಳಾಸಕ್ಕೆ, ಸಾಮಾನ್ಯವಾಗಿ 192.168.1.1 ಅಥವಾ 192.168.0.1, ನಿಲ್ಲದ ಪಿಂಗ್ ಬಿಡಿ. ಪಿಂಗ್ ಅಂದರೆ ಒಂದು ಕೂಗು ಹೋಗಿ ಮರುಕೂಗು ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಆರಾಮಾಗಿರುವ ಲೈನಿನಲ್ಲಿ ಒಂದಂಕಿ ಮಿಲಿಸೆಕೆಂಡು ಬರುತ್ತದೆ. ಅದು ಇದ್ದಕ್ಕಿದ್ದ ಹಾಗೆ 40, 80, 200 ಅಂತ ಎಗರುತ್ತಿದ್ದರೆ ಲೈನಿನಲ್ಲಿ ಯಾರೋ ಗದ್ದಲ ಮಾಡುತ್ತಿದ್ದಾರೆ. ಪರದೆ ಮೇಲೆ ಒಬ್ಬರು ಕಣ್ಣಿಟ್ಟಿರಲಿ, ಇನ್ನೊಬ್ಬರು ಕೋಣೆ ಕೋಣೆಗೆ ಹೋಗಿ ಒಂದೊಂದೇ ಸ್ವಿಚ್ ಆರಿಸಲಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಲಿ. ಅಂಕಿ ಇಳಿದ ಕೂಡಲೇ ಕೂಗಿ ಹೇಳಿ, ಬರೆದುಕೊಳ್ಳಿ.

ಇದನ್ನು ಬೆಳಿಗ್ಗೆ 11ಕ್ಕೆ ಮಾಡಬೇಡಿ. ಸಂಜೆ 7ರಿಂದ 10ರೊಳಗೆ ಮಾಡಿ. ಏರ್ ಕೂಲರ್, ಟಿವಿ, ಎಲ್ಲ ಲೈಟು, ಎಲ್ಲರ ಚಾರ್ಜರ್ ಹಾಕಿರುವ ಹೊತ್ತು ಅದು. ನೀವು ಬಳಸುವುದೂ ಆಗಲೇ. ನಮ್ಮ ಮನೆಯಲ್ಲಿ ಪ್ರತಿ ದಿನ ಸಂಜೆ ಆರೂವರೆಗೆ ಸರಿಯಾಗಿ ವೇಗ ಬೀಳುತ್ತಿತ್ತು. ಕೂಲರ್ ಇರಬೇಕು ಅಂತ ಎರಡು ವಾರ ಅದನ್ನೇ ಬೈದೆವು. ಕೊನೆಗೆ ಸಿಕ್ಕಿದ್ದು ದೇವರ ಮನೆಯಲ್ಲಿ. ಅಮ್ಮ ದೀಪ ಹಚ್ಚುವಾಗ ಪಟಕ್ಕೆ ಸುತ್ತಿದ ಎಲ್‌ಇಡಿ ಸರವನ್ನೂ ಹಾಕುತ್ತಿದ್ದರು, ಹೆಬ್ಬೆರಳಿನಷ್ಟು ದಪ್ಪದ ಅದರ ಪ್ಲಗ್ಗು ಇಡೀ ಮನೆಯ ಲೈನನ್ನು ಕೆಡಿಸುತ್ತಿತ್ತು. ಬೇರೆ ಸರ ತಂದೆವು, ಆವತ್ತೇ ಸರಿಹೋಯಿತು.

ರೇಡಿಯೋ ಈಗ ತೆಗೆಯಿರಿ. ಅಡಾಪ್ಟರ್‌ಗಳನ್ನೆಲ್ಲ ಮೊದಲು ಸಾಕೆಟ್ಟಿನಿಂದ ಕಿತ್ತಿಡಿ, ಅವು ಓಡುತ್ತಿದ್ದರೆ ಅವುಗಳದೇ ಸದ್ದು ಕೇಳಿಸುತ್ತದೆ. ಶಾರ್ಟ್‌ವೇವ್ ಇದ್ದರೆ ಅದಕ್ಕೆ ತಿರುಗಿಸಿ, ಅಡಾಪ್ಟರ್ ಬಳಸುವುದೂ ಅದೇ ಪಟ್ಟಿಯನ್ನೇ. ಇಲ್ಲದಿದ್ದರೆ ಮೀಡಿಯಂ ವೇವ್ ಆದರೂ ನಡೆಯುತ್ತದೆ. ಎರಡು ನಿಲಯಗಳ ನಡುವೆ ಖಾಲಿ ಜಾಗದಲ್ಲಿ ಮುಳ್ಳು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಒಂದೊಂದು ಬಲ್ಬು, ಚಾರ್ಜರ್, ರೆಗ್ಯುಲೇಟರ್ ಹತ್ತಿರ ಒಂದು ಗೇಣಿಗೆ ಹಿಡಿಯಿರಿ. ಬರೀ ಸುಂಯ್ ಅನ್ನುವುದು ಗರ್‌ರ್ ಅಂತ ಆದರೆ ಕಳ್ಳ ಸಿಕ್ಕಿದ ಹಾಗೆ. ಸ್ವಿಚ್ ಆರಿಸಿದಾಗ ಗರ್‌ರ್ ನಿಂತರೆ ಖಾತ್ರಿ.

ಸಿಕ್ಕಿದ್ದನ್ನು ಏನು ಮಾಡಬೇಕು? ಬಲ್ಬು, ಚಾರ್ಜರ್ ಆದರೆ ಬದಲಿಸಿ. ರೆಗ್ಯುಲೇಟರ್ ಆದರೆ ಕೆಪಾಸಿಟರ್ ಮಾದರಿಯ, ಮೆಟ್ಟಿಲು ಮೆಟ್ಟಿಲಾಗಿ ಟಕ್ ಟಕ್ ಅಂತ ತಿರುಗುವುದನ್ನು ಹಾಕಿಸಿ. ಬದಲಿಸಲಾಗದ ಸಾಮಾನನ್ನು ಅಡಾಪ್ಟರ್‌ನ ಮೈಮೇಲಿನ ಸಾಕೆಟ್‌ಗೋ ಬೇರೆ ಕೋಣೆಗೋ ಕಳಿಸಿ. ಅದೂ ಆಗದಿದ್ದರೆ ಅಡಾಪ್ಟರನ್ನೇ ಅದರಿಂದ ದೂರ ಮಾಡಿ. ಗದ್ದಲದ ಸಾಮಾನು ಅಡಾಪ್ಟರ್‌ಗೆ ಎಷ್ಟು ಹತ್ತಿರವೋ ಅಷ್ಟು ಕೆಟ್ಟದ್ದು, ನಾಲ್ಕೈದು ಮೀಟರ್ ವೈರಿನ ಅಂತರವೂ ಲೆಕ್ಕಕ್ಕೆ ಬರುತ್ತದೆ.

ಹಂತ 5: ದುರ್ಬಲ ಕೊಂಡಿಯನ್ನು ತೆಗೆಯಿರಿ

ಈಗ ಪ್ರತಿ ಸಾಕೆಟ್‌ನಲ್ಲೂ ಒಂದು ಹೊತ್ತಿಗೆ ಒಬ್ಬರೇ ಬಳಸುವಾಗ ಎಷ್ಟು ವೇಗ ಬರುತ್ತದೆ ಅಂತ ಬರೆದುಕೊಳ್ಳಿ. ಇಂಟರ್ನೆಟ್ ಪ್ಲಾನ್ ಸಣ್ಣದಿದ್ದರೆ ಸ್ಪೀಡ್ ಟೆಸ್ಟ್ ನಿಜ ಹೇಳುವುದಿಲ್ಲ, ಮನೆಯೊಳಗೇ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದೊಡ್ಡ ಫೈಲ್ ಕಳಿಸಿ ನೋಡಿ. ಕಂಪ್ಯೂಟರ್ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಅಂತ ತೋರಿಸಿದರೆ 8ರಿಂದ ಗುಣಿಸಿ, ಮೆಗಾಬಿಟ್ ಸಿಗುತ್ತದೆ.

ಪಟ್ಟಿಯಲ್ಲಿ 70, 55, 60 ಇದ್ದು ಒಂದು ಮಾತ್ರ 8 ಇದ್ದರೆ, ನಲ್ಲಿ ಮುಂದಿನ ಸಣ್ಣ ಬಾಯಿಯ ಕೊಡ ಅದೇ. ಅದನ್ನು ಪಕ್ಕದ ಗೋಡೆಯ ಸಾಕೆಟ್‌ಗೆ ಸರಿಸಿ ನೋಡಿ, ಎರಡು ಮೀಟರ್‌ನಲ್ಲಿ 8 ಇದ್ದದ್ದು 30 ಆಗುವುದುಂಟು. ಯಾವ ಸಾಕೆಟ್‌ನಲ್ಲೂ ಬಾರದಿದ್ದರೆ ಆ ಅಡಾಪ್ಟರನ್ನು ತೆಗೆದುಬಿಡಿ, ಅದರ ಹತ್ತಿರದ ಒಳ್ಳೆಯ ಅಡಾಪ್ಟರ್‌ನಿಂದ ಕೇಬಲ್ಲೋ ವೈಫೈಯೋ ಕೊಡಿ. ಒಬ್ಬರಿಗೆ ಹೇಗಾದರೂ ಮುಟ್ಟಲಿ ಅಂತ ಎಳೆದು ಇಟ್ಟುಕೊಂಡರೆ ಎಲ್ಲರೂ ದಂಡ ಕಟ್ಟುತ್ತಾರೆ.

ಅರ್ತಿಂಗ್ ಬಗ್ಗೆಯೂ ಇಲ್ಲೇ ಹೇಳಬೇಕು. ಎವಿ2ನ ಎಂಐಎಂಒ ಮಾದರಿಗಳು ಫೇಸ್, ನ್ಯೂಟ್ರಲ್ ಜೊತೆ ಅರ್ತ್ ವೈರನ್ನೂ ಎರಡನೇ ದಾರಿಯಾಗಿ ಬಳಸುತ್ತವೆ. ಹಳೇ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಹಿಂದೆ ವೈರೇ ಇರುವುದಿಲ್ಲ. ಅಲ್ಲಿ ದುಬಾರಿ ಅಡಾಪ್ಟರ್ ಕೊಂಡು ಪ್ರಯೋಜನವಿಲ್ಲ. ವೈರ್‌ಮನ್ ಬಂದಾಗ ಅರ್ತಿಂಗ್ ನೋಡಿಸಿ. ನೆಟ್ಟಿಗಿಂತ ನಿಮ್ಮ ಮಕ್ಕಳ ಕೈಗೆ ಅದು ಮುಖ್ಯ.

ಹಂತ 6: ಹಂಚಿಕೆ

ಪೆಟ್ಟಿಗೆ ಮೇಲೆ 8 ಅಡಾಪ್ಟರ್, 16 ಅಡಾಪ್ಟರ್ ಅಂತೆಲ್ಲ ಬರೆದಿರುತ್ತದೆ. ನಮ್ಮ ತರಹದ ಲೈನಿನಲ್ಲಿ ರೂಟರ್ ಕಡೆಯದೂ ಸೇರಿ ನಾಲ್ಕು ದಾಟಬೇಡಿ ಅಂತ ನನ್ನ ಸಲಹೆ.

ಸಂಜೆ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಎಳೆದಾಗ ವೈರು ಒಟ್ಟು ಎಷ್ಟು ಹೊರುತ್ತದೆ ಅಂತ ನೋಡಿ. 40 ಅಂದುಕೊಳ್ಳಿ. ನಿಮ್ಮ ಫೈಬರ್ 100 ಇದ್ದರೆ ರೂಟರ್ 100ರ ಲೆಕ್ಕದಲ್ಲೇ ತುಂಬುತ್ತಾ ಹೋಗುತ್ತದೆ, ಅಡಾಪ್ಟರ್‌ನ ಬಾಗಿಲಲ್ಲಿ ಉದ್ದ ಸಾಲು ನಿಲ್ಲುತ್ತದೆ. ಒಬ್ಬರು ಸಿನಿಮಾ ಇಳಿಸಿಕೊಳ್ಳುತ್ತಿದ್ದರೆ ಇನ್ನೊಬ್ಬರ ಆನ್‌ಲೈನ್ ಕ್ಲಾಸಿನ ಮಾತು ಆ ಸಾಲಿನ ಹಿಂದೆ ಸಿಕ್ಕಿಬೀಳುತ್ತದೆ. ಅದಕ್ಕೆ ಸಾಲನ್ನು ರೂಟರ್‌ನಲ್ಲೇ ನಿಲ್ಲಿಸಬೇಕು, ಅಲ್ಲಿ ಯಾರನ್ನು ಮೊದಲು ಬಿಡಬೇಕು ಅಂತ ಹೇಳಲು ಆಗುತ್ತದೆ. ರೂಟರ್‌ನ ಸೆಟ್ಟಿಂಗ್‌ನಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಥವಾ ಕ್ಯೂಓಎಸ್ ಅಂತ ಇರುತ್ತದೆ. ಪವರ್‌ಲೈನ್ ಕಡೆಯವರ ಒಟ್ಟು ಮಿತಿಯನ್ನು ಅಳೆದದ್ದಕ್ಕಿಂತ ಸ್ವಲ್ಪ ಕೆಳಗೆ, 40 ಇದ್ದರೆ 32, 34ರ ಹತ್ತಿರ ಇಡಿ. ಮೂರು ಕಡೆಗೆ ತಲಾ 10, 11 ಬಂತು. ಮನೆಯಲ್ಲಿ ಸಾಮಾನ್ಯ ವಿಡಿಯೋ ನೋಡಲು, ಕ್ಲಾಸ್ ಕೇಳಲು ಅದು ಸಾಕು. ವಿಡಿಯೋ ಕಾಲ್‌ಗೆ ಮೊದಲ ಆದ್ಯತೆ ಕೊಡಿ, ಡೌನ್‌ಲೋಡ್‌ಗೆ ಕೊನೆಯದು. ಮಿತಿ ಹಾಕಿದ ಮೇಲೆ ವೇಗದ ಅಂಕಿ ಕಡಿಮೆ ಕಾಣುತ್ತದೆ, ಆದರೆ ತಡವರಿಸುವುದು ನಿಲ್ಲುತ್ತದೆ. ಎರಡು ದಿನ ಬಳಸಿ ನೋಡಿ, ಆಮೇಲೆ ಹೇಳಿ.

ಬಾಡಿಗೆಯವರಿಗೆ ಕೊಡುವವರು ಇನ್ನೂ ಎರಡು ವಿಷಯ ಗಮನಿಸಿ. ಪವರ್‌ಲೈನ್‌ನಲ್ಲಿ ಸೇರಿದವರೆಲ್ಲ ಒಂದೇ ನೆಟ್‌ವರ್ಕಿನಲ್ಲಿ ಇರುತ್ತಾರೆ, ನಿಮ್ಮ ಪ್ರಿಂಟರ್, ಕ್ಯಾಮೆರಾ ಅವರಿಗೆ ಕಾಣಿಸಬಹುದು. ಅವರ ಕಡೆ ಒಂದು ಸಣ್ಣ ರೂಟರ್ ಇಟ್ಟರೆ ಅವರ ಸಾಮಾನು ನಿಮಗೆ ಕಾಣುವುದಿಲ್ಲ, ಆದರೆ ನಿಮ್ಮದು ಅವರಿಗೆ ಕಾಣುತ್ತಲೇ ಇರುತ್ತದೆ. ಹಾಗಾಗಿ ನಿಮ್ಮ ಸಾಮಾನನ್ನೂ ಇನ್ನೊಂದು ರೂಟರ್ ಹಿಂದೆ ಇಡಿ, ಇಲ್ಲವೇ ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕನ್ನು ಒಂದು ಪೋರ್ಟಿಗೆ ಕಟ್ಟಲು ಬಂದರೆ ಪವರ್‌ಲೈನನ್ನು ಅದಕ್ಕೆ ಹಾಕಿ. ಎರಡನೆಯದು, ಮನೆಯವರು ಹಂಚಿಕೊಳ್ಳುವುದು ಬೇರೆ, ದುಡ್ಡು ತಗೊಂಡು ಇಂಟರ್ನೆಟ್ ಮಾರುವುದು ಬೇರೆ. ಮಾರಲು ಸಾಮಾನ್ಯವಾಗಿ ಲೈಸೆನ್ಸ್ ಬೇಕು. ನಿಮ್ಮ ಹೆಸರಿನ ಲೈನಿನಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳುವುದು ನಿಮ್ಮನ್ನೇ.

ಬೇರೆ ಬೇರೆ ಮೀಟರ್ ಇರುವ ಎರಡು ಮನೆ ನಡುವೆ ಸಿಗ್ನಲ್ ಬರಲಿ ಅಂತ ಒಂದು ಮನೆಯ ನ್ಯೂಟ್ರಲ್ಲನ್ನು ಇನ್ನೊಂದರ ಜೊತೆ ಸೇರಿಸಲು ಯಾರಾದರೂ ಹೇಳಿದರೆ ಕೇಳಲೇಬೇಡಿ. ಅದು ಅಪಾಯ, ಕರೆಂಟ್ ಸೋರಿದರೆ ಲೈನು ಕತ್ತರಿಸುವ ಆರ್‌ಸಿಸಿಬಿ ಸ್ವಿಚ್ ಬೀಳುತ್ತದೆ, ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನವರು ಒಪ್ಪುವ ಕೆಲಸವೂ ಅಲ್ಲ. ಎರಡು ಮೀಟರ್ ದಾಟಿ ಬರುವಷ್ಟು ಬಂದರೆ ಬರಲಿ, ಇಲ್ಲದಿದ್ದರೆ ಎರಡು ಮನೆ ನಡುವೆ ಫೈಬರ್ ತುಂಡು ಎಳೆಸಿ.

ಹಂತ 7: ಕರೆಂಟ್ ಹೋದಾಗ

ಕರೆಂಟ್ ತಯಾರಿಸುವ ಶಕ್ತಿನಗರ, ಕುಡತಿನಿ ಸ್ಥಾವರಗಳು ಎರಡೂ ನಮ್ಮ ಮಗ್ಗುಲಲ್ಲೇ ಇದ್ದರೂ ಮಳೆಗಾಲದ ಗಾಳಿಗೆ ಲೈನು ಹೋಗುವುದು ತಪ್ಪಿಲ್ಲ. ರೂಟರ್ ಇನ್ವರ್ಟರ್ ಲೈನಿನಲ್ಲಿದ್ದು ಹಿಂದಿನ ಕೋಣೆಯ ಅಡಾಪ್ಟರ್ ಮಾಮೂಲಿ ಲೈನಿನಲ್ಲಿದ್ದರೆ ಕರೆಂಟ್ ಹೋದಾಗ ಹಿಂದಿನವರಿಗೆ ನೆಟ್ಟೂ ಹೋಗುತ್ತದೆ. ಎರಡೂ ತುದಿ ಇನ್ವರ್ಟರ್ ಲೈನಿನಲ್ಲೇ ಇರಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅದರದೇ ಗದ್ದಲ ಇರುತ್ತದೆ, ವೇಗ ಬೀಳುತ್ತದೆ, ಸೈನ್ ವೇವ್ ಆದರೆ ವಾಸಿ. ಕರೆಂಟ್ ವಾಪಸ್ ಬಂದ ಮೇಲೆ ಅಡಾಪ್ಟರ್‌ಗಳು ಒಂದನ್ನೊಂದು ಹುಡುಕಿ, ಲೈನು ಅಳೆದು, ಪಟ್ಟಿ ಮಾಡಿಕೊಳ್ಳಲು ಒಂದೆರಡು ನಿಮಿಷ ಬೇಕು. ಅಷ್ಟರೊಳಗೆ ಕಿತ್ತು ಹಾಕಿ ಕಿತ್ತು ಹಾಕಿ ಮಾಡಬೇಡಿ, ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಕರೆಂಟ್ ಬಿಲ್ ಎಷ್ಟಾಗುತ್ತದೆ ಅಂತಲೂ ಕೇಳುತ್ತಾರೆ. ಒಂದು ಅಡಾಪ್ಟರ್ 3 ವ್ಯಾಟ್ ತಿಂದರೆ ತಿಂಗಳಿಗೆ 2 ಯೂನಿಟ್ ಚಿಲ್ಲರೆ. ನಾಲ್ಕಕ್ಕೆ 9 ಯೂನಿಟ್ ಒಳಗೆ.

ಇಷ್ಟಾದರೂ ಸರಿಹೋಗದಿದ್ದರೆ

ನನಗೆ ಬರೆಯುವಾಗ ಬರೀ "ಬರ್ತಿಲ್ಲ" ಅಂತ ಬರೆಯಬೇಡಿ, ಅದರಿಂದ ಏನೂ ಹೇಳಲಾಗುವುದಿಲ್ಲ. ಮನೆ ಸಿಂಗಲ್ ಫೇಸಾ ತ್ರೀ ಫೇಸಾ, ಅಡಾಪ್ಟರ್‌ನ ಮಾದರಿ, ಪ್ರತಿ ಸಾಕೆಟ್‌ನಲ್ಲಿ ಒಬ್ಬರೇ ಬಳಸುವಾಗ ಬಂದ ವೇಗ, ಸಂಜೆಯ ಪಿಂಗ್, ಮತ್ತು ಯಾವ ಸ್ವಿಚ್ ಆರಿಸಿದಾಗ ಏನಾಯಿತು ಅನ್ನುವ ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿ. ಆ ಪುಟ ಇದ್ದರೆ ಅನೇಕ ಸಲ ಉತ್ತರ ಅದರಲ್ಲೇ ಕಾಣುತ್ತದೆ.